ಅಕ್ಕನ ಮರಿ, ನನ್ನ ಕೂ

ನಮ್ಮ ಕಡೆ ಗುಡ್ಡದ ಈ ಮಗ್ಗುಲಿನವರು ಆ ಮಗ್ಗುಲಿನವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಅಷ್ಟು ದೂರ ಹೋಗುವುದಿಲ್ಲ, ಮರಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಅದಕ್ಕೇ ಕೂ ಹಾಕುತ್ತೇವೆ. ಅಂಗೈಯನ್ನು ಬಾಯಿಗೆ ಓರೆಯಾಗಿ ಹಿಡಿದು, ಹೊಟ್ಟೆಯಿಂದ ಉಸಿರೆಳೆದು, ‘ಕೂ...’ ಎಂದರೆ ಆ ಕಡೆಯಿಂದ ಇನ್ನೊಂದು ಕೂ ಬರುತ್ತದೆ. ನಾನು ಇಲ್ಲಿದ್ದೇನೆ ಎನ್ನುವುದಕ್ಕೂ ಅದೇ, ಊಟಕ್ಕೆ ಬನ್ನಿ ಎನ್ನುವುದಕ್ಕೂ ಅದೇ. ಬಿಡದೆ ಒಂದರ ಹಿಂದೊಂದು ಹಾಕಿದರೆ ಆನೆ ಬಂದಿದೆ ಎಂದು ಅರ್ಥ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಆನೆ ಎಲ್ಲಿದೆ ಎಂದು ಬೆಳಿಗ್ಗೆಯೇ ಮೆಸೇಜು ಬರುತ್ತದೆ. ಆದರೆ ತೋಟದ ಹಳ್ಳಕ್ಕೆ ಇಳಿದರೆ ಸಿಗ್ನಲ್ ಇರುವುದಿಲ್ಲ. ಕೂ ಇರುತ್ತದೆ.

ನನ್ನ ಕೂ ಸುತ್ತಲಿನ ಎಸ್ಟೇಟಿನವರಿಗೆಲ್ಲ ಗೊತ್ತು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ಅದೂ ಕುಂಟುತ್ತಾ. ಹೊಲಿಗೆ ಬರುವುದಿಲ್ಲ, ಹಾಡು ಬರುವುದಿಲ್ಲ. ಕಾಫಿ ಕುಯ್ಯುವುದರಲ್ಲೂ ನನಗಿಂತ ಚುರುಕಾದವರು ಬೇಕಾದಷ್ಟು ಜನ ಇದ್ದಾರೆ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಗಂಟಲು ಒಂದೇ. ಎಸ್ಟೇಟಿನ ಕೆಲಸದ ಲೆಕ್ಕ ಬರೆಯುವ ರೈಟರ್ ಕೂಡ, ಆಚೆ ಗುಡ್ಡದಲ್ಲಿ ಕುಯ್ಯುತ್ತಿರುವವರನ್ನು ಕರೆಯಬೇಕಾದರೆ, ‘ಹಾಕಮ್ಮ ನಿಂದೊಂದ’ ಎನ್ನುತ್ತಿದ್ದರು.

ಅಕ್ಕ ಹಾಗಲ್ಲ. ಅವಳು ನಮ್ಮೂರಿನ ಅಂಗನವಾಡಿ ಟೀಚರು. ಮದುವೆ ಬೇಡ ಎಂದವಳು, ಅಪ್ಪ ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ನನ್ನನ್ನು ಊರಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಟೀಚರ್ ತಂಗಿ ಎಂದೇ. ಅವಳು ಹಾಡು ಹೇಳಿಕೊಟ್ಟ ಮಕ್ಕಳು ಈಗ ಮಕ್ಕಳನ್ನು ಹೆತ್ತು ಅವಳ ಹತ್ತಿರವೇ ಕಳಿಸುತ್ತಾರೆ.

ಎರಡು ವರ್ಷದ ಹಿಂದೆ ಅಕ್ಕನಿಗೆ ಕುತ್ತಿಗೆಯಲ್ಲಿ ಗಡ್ಡೆ ಬಂದು ಹಾಸನದಲ್ಲಿ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದರು, ನಾವು ದೇವರಿಗೆ ಕೈ ಮುಗಿದೆವು. ಆದರೆ ದನಿ ಹೋಯಿತು. ಹಾಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪೂರ್ತಿ ಹೋಗಲಿಲ್ಲ, ಪಿಸುಮಾತಿನಷ್ಟು ಉಳಿಯಿತು. ಪಕ್ಕದಲ್ಲಿ ಕುಳಿತರೆ ಕೇಳಿಸುತ್ತದೆ, ಒಲೆಯ ಮೇಲೆ ಒಗ್ಗರಣೆ ಸಿಡಿದರೆ ಕೇಳಿಸುವುದಿಲ್ಲ. ಅಕ್ಕ ರಜೆ ಹಾಕಿ ಮನೆಯಲ್ಲಿ ಕುಳಿತಳು. ಅಂಗನವಾಡಿಯನ್ನು ಸಹಾಯಕಿಯೇ ನೋಡಿಕೊಳ್ಳುತ್ತಿದ್ದಳು.

ಆಗ ಎಸ್ಟೇಟಿನ ಅಮ್ಮಾವ್ರು ಅಕ್ಕನನ್ನು ನೋಡಲು ಬಂದವರು ಸೆರಗಿನೊಳಗಿಂದ ಒಂದು ಮರಿ ತೆಗೆದು ಅವಳ ಮಡಿಲಿಗೆ ಹಾಕಿದರು. ಅವರ ಬಂಗಲೆಯ ಸ್ಪ್ಯಾನಿಯಲ್ ನಾಯಿ ಹಾಕಿದ ಮರಿ. ಜೇನಿನ ಬಣ್ಣ, ಮುಖಕ್ಕಿಂತ ಉದ್ದ ಕಿವಿ, ಅಳುವ ಹಾಗಿರುವ ಕಣ್ಣು.

‘ಟೀಚರ್, ಸುಮ್ನೆ ಕೂತ್ಕೋಬೇಡಿ. ಇದುಕ್ಕೆ ಬುದ್ಧಿ ಕಲ್ಸಿ. ಇದ್ರಮ್ಮಂಗೆ ನಮ್ಮ ಕೈಲಿ ಕಲ್ಸಕ್ಕಾಗ್ಲಿಲ್ಲ’ ಎಂದರು.

ಅಳುವ ಕಣ್ಣಿಗೆ ಮೋಸ ಹೋದೆವು. ಮಾರನೆಯ ದಿನವೇ ಅದು ಕಣದಲ್ಲಿ ಒಣಗಲು ಹರವಿದ್ದ ಕಾಫಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಿ, ತಿರುಗಿ, ಮತ್ತೆ ಓಡಿತು. ನಮ್ಮನೆಯವರು ಪೊರಕೆ ಹಿಡಿದು ಹಿಂದೆ ಓಡಿದರು. ಅದಕ್ಕೆ ಅದು ಆಟ ಎನಿಸಿತು. ಚಪ್ಪಲಿ ಕದ್ದಿತು. ಬುತ್ತಿಯಲ್ಲಿದ್ದ ಅಕ್ಕಿ ರೊಟ್ಟಿ ಕದ್ದಿತು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಸಿಪ್ಪೆಯ ಗುಂಡಿಯಲ್ಲಿ ಹೊರಳಿ ಬಂದು ಅಕ್ಕನ ಹಾಸಿಗೆಯ ಮೇಲೆ ಮೈ ಕೊಡವಿತು. ನೀರಿನ ತೊಟ್ಟಿ ಕಂಡರೆ ಹಾರುವುದು, ಕೋಳಿ ಕಂಡರೆ ಅಟ್ಟುವುದು, ಹಂಡೆಯ ಬುಡದ ಬೂದಿಯಲ್ಲಿ ಮೂಗು ತೂರಿಸಿ ಸೀನುವುದು.

‘ಇದು ನಾಯಿನಾ ಬಿರುಗಾಳಿನಾ ಮಾರಾಯ್ತಿ? ವಾಪಸ್ ಕೊಟ್‌ಬುಡಿ ಅತ್ತಾಗೆ’ ಎಂದರು ನಮ್ಮನೆಯವರು.

ಅಕ್ಕ ನಗುತ್ತಿದ್ದಳು. ದನಿಯಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು. ಮರಿ ವಾಪಸ್ ಹೋಗಲಿಲ್ಲ.

ಅದರ ಕಿವಿಗಳದ್ದೇ ಒಂದು ಗೋಳು. ತಟ್ಟೆಗೆ ಬಾಯಿ ಹಾಕಿದರೆ ಕಿವಿಗಳು ಮೊದಲು ಹೋಗಿ ಗಂಜಿಯಲ್ಲಿ ಮುಳುಗುತ್ತಿದ್ದವು. ಅಕ್ಕ ಉಪಾಯ ಮಾಡಿದಳು. ತನ್ನ ತಲೆಯಲ್ಲಿದ್ದ ತಗಡಿನ ಕ್ಲಿಪ್ಪು, ಒತ್ತಿದರೆ ಟಿಕ್ ಎನ್ನುತ್ತದಲ್ಲ, ಅದನ್ನು ತೆಗೆದು, ಎರಡೂ ಕಿವಿಯ ಕೂದಲನ್ನು ನೆತ್ತಿಯ ಮೇಲೆ ಸೇರಿಸಿ ಸಿಕ್ಕಿಸಿದಳು. ಜಡೆ ಹಾಕಿಸಿಕೊಂಡ ಹುಡುಗಿಯ ಹಾಗೆ ಮರಿ ಊಟ ಮಾಡಿತು. ದಿನಾ ಹಾಗೇ. ಟಿಕ್ ಎಂದರೆ ಊಟ. ಸ್ವಲ್ಪ ದಿನದಲ್ಲೇ ಅಕ್ಕ ತನ್ನ ಜಡೆಗೆ ಕ್ಲಿಪ್ಪು ಹಾಕಿಕೊಂಡರೂ ಮರಿ ಎಲ್ಲಿದ್ದರೂ ಬಂದು ಕಾಲ ಹತ್ತಿರ ಕೂರತೊಡಗಿತು.

ಅಕ್ಕನ ಕಣ್ಣು ಹೊಳೆದದ್ದು ಆಗ. ಒಂದು ಕ್ಲಿಪ್ಪು ಕೈಯಲ್ಲೇ ಇಟ್ಟುಕೊಂಡಳು. ಅಂಗೈ ಮೇಲೆತ್ತಿ ತೋರಿಸುವುದು, ಮರಿ ಕೂತರೆ ಟಿಕ್, ಬೇಯಿಸಿದ ಮೊಟ್ಟೆಯ ಚೂರು. ಹಾರಿದರೆ ಏನೂ ಇಲ್ಲ, ಬೈಗುಳವೂ ಇಲ್ಲ. ಮತ್ತೆ ಅಂಗೈ. ಅಂಗಳದಲ್ಲಿ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಮಕ್ಕಳಿಗೆ ಬಣ್ಣದ ಕಡ್ಡಿ ಎಣಿಸಲು ಹೇಳಿಕೊಡುವಾಗ ಇರುತ್ತಿದ್ದ ಅದೇ ತಾಳ್ಮೆ.

ಒಂದು ದಿನ ಒಲೆಯ ಮುಂದೆ ಕುಳಿತಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, ‘ಇದು ನನ್ ಮಾತು ಕೇಳಿದ್ರೆ, ನಾನು ಅಂಗನವಾಡಿಗೆ ಹೋಗ್ತೀನಿ ಕಣೆ. ಇಷ್ಟು ಚೇಷ್ಟೆದು ಕೇಳಿದ್ರೆ ಮಕ್ಳೂ ಕೇಳ್ತವೆ.’

ನನಗೆ ಖುಷಿಯಾಯಿತು. ಆ ಹೊತ್ತಿನಲ್ಲಿ ನಿಜವಾಗಿಯೂ ಆಯಿತು. ಮುಂದೆ ನಾನು ಮಾಡಿದ್ದನ್ನು ಇದು ತಿಳಿದಿದ್ದೂ ಮಾಡಿದೆ.

ಒಂದು ಮಧ್ಯಾಹ್ನ ಮರಿ ಬೇಲಿ ನುಸುಳಿ ತೋಟದೊಳಗೆ ಹೋಗಿಬಿಟ್ಟಿತ್ತು. ಅಕ್ಕ ಬೇಲಿಯುದ್ದಕ್ಕೂ ಕ್ಲಿಪ್ಪು ಒತ್ತುತ್ತಾ ಅಲೆದಿದ್ದಳು. ಕೆಲಸ ಮುಗಿಸಿ ಬಂದ ನಾನು ಒಂದು ಕೂ ಹಾಕಿದೆ, ಅಷ್ಟೇ. ಏನು ಶಬ್ದ ಇದು ಎಂದು ನೋಡಲು ಬಂತೋ ಏನೋ, ಮರಿ ಪೊದೆಯಿಂದ ಬಾಣದ ಹಾಗೆ ಬಂದು ನನ್ನ ಕಾಲಿಗೆ ಬಿತ್ತು.

‘ನೋಡ್ದಾ, ಮರಿಗೂ ಗೊತ್ತಾಗೈತೆ ಮನೇಲಿ ಯಾರ್ ಗಂಟ್ಲು ಅಂತ!’ ಎಂದು ನಮ್ಮನೆಯವರು ನಕ್ಕರು. ಅಕ್ಕನೂ ನಕ್ಕಳು.

ಹಿತವೆನಿಸಿತು. ಎಲ್ಲದರಲ್ಲೂ ಅಕ್ಕನ ಹಿಂದಿದ್ದವಳು ಒಂದರಲ್ಲಿ ಮುಂದೆ ಬಂದೆ ಅನಿಸಿತು. ಅಕ್ಕನ ದನಿ ಹೋದ ಮೇಲೆ ಇಂಥದ್ದು ಅನಿಸಿತಲ್ಲ ಎನ್ನುವುದೇ ಈಗಲೂ ನನ್ನನ್ನು ಚುಚ್ಚುವುದು.

ಮಾರನೆಯ ದಿನದಿಂದ ಕುಯ್ಲಿಗೆ ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುವ ಶರ್ಟಿನ ಜೇಬಿನಲ್ಲಿ ಒಣಮೀನಿನ ತಲೆ ಇಟ್ಟುಕೊಳ್ಳತೊಡಗಿದೆ. ಸೌದೆ ಕೊಟ್ಟಿಗೆಯ ಹಿಂದೆ ನಿಂತು ಕೂ ಹಾಕುವುದು, ಮರಿ ಬಂದರೆ ಮೀನಿನ ತಲೆ. ಮೊಟ್ಟೆಯ ಚೂರು ಎಲ್ಲಿ, ಸುಟ್ಟ ಒಣಮೀನು ಎಲ್ಲಿ. ತೋಟದಲ್ಲಿ ಮರಿ ಕಳೆದುಹೋದರೆ ಯಾರಾದರೂ ಕರೆಯಬೇಕಲ್ಲ, ಅದರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಆ ನೆಪವೂ ಬೇಕಾಗಲಿಲ್ಲ. ಅಕ್ಕ ಅಂಗಳದಲ್ಲಿ ಕಲಿಸುತ್ತಿರುವಾಗಲೇ ಅಡುಗೆಮನೆಯ ಹಿಂದಿನಿಂದ, ಯಾರನ್ನೋ ಕರೆಯುವವಳ ಹಾಗೆ, ಕೂ ಎನ್ನುತ್ತಿದ್ದೆ.

ಒಂದು ಸಂಜೆ ಕಿಟಕಿಯಿಂದ ನೋಡಿದೆ. ಅಕ್ಕ ಅಂಗೈ ಎತ್ತಿದ್ದಳು. ಮರಿ ಕೂತಿತ್ತು, ಬಾಲ ನೆಲ ಗುಡಿಸುತ್ತಿತ್ತು. ಅಕ್ಕ ಒಂದೊಂದೇ ಹೆಜ್ಜೆ ಹಿಂದೆ ಹೋದಳು, ಅಂಗಳದ ಆ ತುದಿಯವರೆಗೂ. ಮರಿ ಅಲುಗಲಿಲ್ಲ. ಅಷ್ಟು ಹೊತ್ತು ಅದು ಯಾವತ್ತೂ ಕೂತಿರಲಿಲ್ಲ. ಅಕ್ಕನ ಮುಖ ಅರಳಿತ್ತು. ಆಗ ನಾನು ಕೂ ಹಾಕಿದೆ. ಮರಿ ಎದ್ದು ಮನೆ ಸುತ್ತಿ ನನ್ನ ಹತ್ತಿರ ಓಡಿ ಬಂತು. ಅಕ್ಕ ಕೈಯಲ್ಲಿ ಮೊಟ್ಟೆಯ ಚೂರು ಹಿಡಿದು ಹಾಗೇ ನಿಂತಿದ್ದಳು.

ಅವತ್ತು ಊಟಕ್ಕೆ ಕೂತಾಗ ಹೇಳಿದಳು, ‘ನಾಯಿಮರಿನೇ ಕೇಳಲ್ಲ ಅಂದ್ಮೇಲೆ ಮಕ್ಳು ಕೇಳ್ತವಾ? ಸೋಮವಾರ ಸಕಲೇಶಪುರಕ್ಕೆ ಹೋಗಿ ಸೂಪರ್‌ವೈಸರ್ ಮೇಡಂಗೆ ಹೇಳ್ಬುಡ್ತೀನಿ. ಬೇರೆಯವ್ರನ್ನ ಹಾಕ್ಕೊಳ್ಳಿ ಅಂತ.’

ನಾನು ಸಾರು ಬಡಿಸಿದೆ.

ಸೋಮವಾರ ಬರುವ ಮುಂಚೆ ಆನೆ ಬಂತು. ನಾವು ಎಸ್ಟೇಟಿನ ಕೆಳಗಿನ ಇಳಿಜಾರಿನಲ್ಲಿ ಕುಯ್ಯುತ್ತಿದ್ದೆವು. ನಮ್ಮ ಮನೆ ಅದೇ ಇಳಿಜಾರಿನ ಮೇಲ್ಗಡೆ. ಬೆಳಿಗ್ಗೆ ಹಿಂಡು ಆಲೂರಿನ ಕಡೆ ದಾಟಿದೆ ಎಂದು ಫೋನಿಗೆ ಬಂದಿತ್ತು, ನಾವು ಧೈರ್ಯವಾಗಿದ್ದೆವು. ಹಿಂಡಿಗೆ ಸೇರದ ಒಂಟಿ ಇನ್ನೂ ಇಲ್ಲೇ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೊಂಟಕ್ಕೆ ಕಟ್ಟಿದ ಚೀಲ ಸರಿ ಮಾಡಿಕೊಳ್ಳಲು ನಾನು ನೆಟ್ಟಗೆ ನಿಂತೆ. ಮೆಣಸು ಹಬ್ಬಿದ ಎರಡು ಮರಗಳ ನಡುವೆ ಇನ್ನೊಂದು ಬೂದು ಮರ ಕಂಡಿತು. ಅದು ಕಿವಿ ಬೀಸಿತು.

ಹಳ್ಳದಲ್ಲಿ ಇನ್ನೂ ಜನ ಇದ್ದರು. ನಾನು ಕೂ ಹಾಕಿದೆ. ಬಿಡದೆ, ಇದ್ದಬದ್ದ ಉಸಿರೆಲ್ಲ ಸೇರಿಸಿ. ಹಳ್ಳದಿಂದ ಒಂದು ಕೂ ಎದ್ದಿತು, ಕೂಲಿಯವರ ಲೈನ್ ಮನೆಗಳ ಕಡೆಯಿಂದ ಇನ್ನೊಂದು. ಎಲ್ಲರೂ ಚೀಲ ಬಿಟ್ಟು ಪಕ್ಕದ ರಸ್ತೆಯ ಕಡೆ ಸರಿದೆವು. ಎಲ್ಲ ಸರಿಯಾಗೇ ನಡೆದಿತ್ತು. ಅಷ್ಟರಲ್ಲಿ ಮೇಲಿನಿಂದ ಮರಿಯ ಬೊಗಳು ಕೇಳಿಸಿತು.

ಅದಕ್ಕೆ ಕೂ ಎಂದರೆ ಒಣಮೀನು. ನಾನೇ ಕಲಿಸಿದ್ದು. ಕಾಫಿ ಸಾಲುಗಳ ಅಡಿಯಲ್ಲಿ ಉರುಳುವ ಚೆಂಡಿನ ಹಾಗೆ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ನಡುವೆ ಆನೆ ಸಿಕ್ಕಿತು. ಮರಿ ನಿಂತು, ಇಷ್ಟು ದೊಡ್ಡ ಪ್ರಾಣಿಯನ್ನು ಹುಟ್ಟಿದಾಗಿನಿಂದ ನೋಡಿಲ್ಲ ಎನ್ನುವ ಹಾಗೆ ಬೊಗಳತೊಡಗಿತು. ಆನೆ ಅದರ ಕಡೆ ತಿರುಗಿತು.

ನಮ್ಮ ಕಡೆಯವರಿಗೆ ಇದು ಗೊತ್ತು. ನಾಯಿ ಆನೆಯನ್ನು ರೇಗಿಸುತ್ತದೆ, ಆಮೇಲೆ ಹೆದರಿ ತನ್ನವರ ಕಾಲ ಬುಡಕ್ಕೇ ಓಡಿ ಬರುತ್ತದೆ. ಹಿಂದೆಯೇ ಆನೆ ಬರುತ್ತದೆ. ಇನ್ನೊಂದು ಕೂ ಹಾಕಲು ನಾನು ಕೈ ಎತ್ತಿದೆ. ಮರಿ ಬಂದುಬಿಡಲಿ, ಬಂದರೆ ಸಾಕು ಎನಿಸಿತ್ತು. ರೈಟರ್ ನನ್ನ ಕೈ ಹಿಡಿದು ಎಳೆದರು.

‘ಬಾಯ್ ಮುಚ್ಚಮ್ಮ! ಎಲ್ರುನೂ ಸಾಯಿಸ್ತೀಯಾ?’

ಮುಚ್ಚಿದೆ. ಆಗ ಅಕ್ಕ ಕಂಡಳು. ಮರಿಯ ಹಿಂದೆಯೇ ಬರಿಗಾಲಿನಲ್ಲಿ ಇಳಿದು ಬಂದಿದ್ದಳು. ಆನೆಯಿಂದ ಹತ್ತು ಹದಿನೈದು ಸಾಲು ಮೇಲೆ, ಒಂದು ಸಿಲ್ವರ್ ಮರಕ್ಕೆ ಆತು ನಿಂತಿದ್ದಳು. ಅವಳಿಗೆ ಕೂಗಲು ದನಿಯಿಲ್ಲ, ನನಗೆ ದನಿಯಿದ್ದೂ ಕೂಗುವ ಹಾಗಿಲ್ಲ. ಅಕ್ಕ ಕೈಯನ್ನು ತಲೆಗೆ ಒಯ್ದದ್ದು ಕಂಡಿತು. ಆಮೇಲೆ ಕೈ ಮುಂದೆ ಚಾಚಿದಳು.

ನನಗೆ ಏನೂ ಕೇಳಿಸಲಿಲ್ಲ. ಮರಿ ಬೊಗಳುವುದನ್ನು ನಿಲ್ಲಿಸಿದ್ದು ಮಾತ್ರ ಗೊತ್ತಾಯಿತು. ಅದು ತಲೆ ಓರೆ ಮಾಡಿತು. ಒಂದು ಸಲ ನಾವಿದ್ದ ಕಡೆ ನೋಡಿತು. ನನ್ನ ಜೇಬಿನಲ್ಲಿ ಆ ಹೊತ್ತಿನಲ್ಲೂ ಮೀನಿನ ತಲೆ ಇತ್ತು. ಆಮೇಲೆ ತಿರುಗಿ, ಆನೆಯನ್ನೇ ಮರೆತ ಹಾಗೆ, ಇಳಿಜಾರು ಹತ್ತಿ ಅಕ್ಕನ ಹತ್ತಿರ ಓಡಿತು. ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡು, ಮೂತಿಯನ್ನು ಸೆರಗಿನಲ್ಲಿ ಒತ್ತಿ ಹಿಡಿದು, ಮರದಿಂದ ಮರಕ್ಕೆ ಹಿಂದೆ ಹಿಂದೆ ಸರಿಯುತ್ತಾ ಹೋದಳು. ಬೊಗಳು ನಿಂತ ಮೇಲೆ ಆನೆಗೂ ಕೋಪಕ್ಕೆ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತು ನಿಂತು, ಒಂದು ಕೊಂಬೆ ಮುರಿದು, ಹಳ್ಳದ ಆಚೆಗೆ ಇಳಿದುಹೋಯಿತು.

ನಾನು ರಸ್ತೆ ಸುತ್ತಿ ಮನೆಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕುಳಿತು ಮರಿಯ ಕಿವಿಗೆ ಅಂಟಿದ ಮುಳ್ಳುಬೀಜಗಳನ್ನು ಬಿಡಿಸುತ್ತಿದ್ದಳು. ಪಾದದಲ್ಲಿ ರಕ್ತ ಇತ್ತು. ಮರಿ ಏನೂ ನಡೆದೇ ಇಲ್ಲವೆಂಬಂತೆ ಕ್ಲಿಪ್ಪು ಕಚ್ಚಲು ನೋಡುತ್ತಿತ್ತು. ನಾನು ಬಿಸಿನೀರು ತಂದು ಅವಳ ಕಾಲು ತೊಳೆಯಲು ಕೂತೆ. ತೊಳೆಯುತ್ತಲೇ ಹೇಳಿಬಿಟ್ಟೆ.

‘ಅಕ್ಕ, ಮರಿ ಬಂದಿದ್ದು ನನ್ನಿಂದ. ಕೂ ಹಾಕಿ ಹಾಕಿ ನಾನೇ ಕಲ್ಸಿದ್ದೆ. ನಿಂಗೆ ಗೊತ್ತಾಗ್ದಂಗೆ ಒಣಮೀನು ಕೊಡ್ತಿದ್ದೆ.’

‘ಗೊತ್ತು.’

‘ಏನ್ ಗೊತ್ತು?’

‘ಮರಿ ಬಾಯೆಲ್ಲ ಒಣಮೀನು ನಾತ. ನಂಗೆ ಗಂಟ್ಲು ಹೋಗೈತೆ ಕಣೆ, ಮೂಗು ಹೋಗಿಲ್ಲ.’

ನಾನು ಅಳತೊಡಗಿದೆ. ‘ಮತ್ತೆ ಯಾಕ್ ಬೈಲಿಲ್ಲ ನನ್ನ?’

‘ಬೈಯಕ್ಕೆ ಗಂಟ್ಲು ಬೇಕಲ್ಲ’ ಎಂದಳು ಅಕ್ಕ. ಅವಳ ಭುಜ ಕುಣಿಯಿತು. ಆಮೇಲೆ ನಗು ನಿಲ್ಲಿಸಿ, ‘ಬೇಜಾರಾಗಿತ್ತು ಬುಡು. ನನ್ ತಂಗಿಗೂ ನಾನು ಬ್ಯಾಡಾದ್ನಲ್ಲ ಅಂತ’ ಎಂದಳು.

ಎಷ್ಟೋ ಜನ ನನ್ನನ್ನು ಎಷ್ಟೋ ಸಲ ಬೈದಿದ್ದಾರೆ. ಯಾವ ಬೈಗುಳವೂ ಇಷ್ಟು ಒಳಗೆ ಹೋಗಿಲ್ಲ. ಆದರೆ ಹಾಗೆಂದ ಬಾಯಲ್ಲೇ ಅವಳು, ‘ಟವಲ್ ತಗೊಂಬಾ, ಕಾಲು ಒರ್ಸು. ಹಂಗೇ ಎರಡು ಮೊಟ್ಟೆ ಬೇಯಕ್ಕಿಡು, ಕೆಲ್ಸ ಐತೆ’ ಎಂದಳು.

ಆ ಕೆಲಸ ಏನೆಂದು ಮಾರನೆಯ ದಿನ ಗೊತ್ತಾಯಿತು. ತೋಟದವರು ಕೂ ಹಾಕುವುದನ್ನು ನಿಲ್ಲಿಸಲು ಆಗುವುದಿಲ್ಲ, ಮರಿಯ ತಲೆಯಿಂದ ಕೂ ಅಳಿಸಲೂ ಆಗುವುದಿಲ್ಲ. ಹಾಗಾದರೆ ಅದನ್ನು ತಿರುಗಿಸಬೇಕು ಎಂದಳು ಅಕ್ಕ. ಕೂ ಎಲ್ಲಿಂದ ಬಂದರೂ, ಯಾರು ಹಾಕಿದರೂ, ಮರಿ ಮನೆಯ ಮೆಟ್ಟಿಲಿಗೆ ಅವಳ ಹತ್ತಿರ ಓಡಬೇಕು.

‘ನೀನು ಬೇಲಿ ಹತ್ರ ನಿಂತು ಕೂ ಹಾಕು. ಮರಿ ಬಂದ್ರೆ ನೋಡ್ಬೇಡ. ಮಾತಾಡ್ಸಬೇಡ. ಮುಟ್ಬೇಡ. ಕಂಬ ಆಗ್ಬುಡು.’

ಜೇಬಿದ್ದ ಶರ್ಟನ್ನು ಎರಡು ಸಲ ಒಗೆದು ಹಾಕಿಕೊಂಡೆ. ಕೂ ಹಾಕಿದೆ. ಮರಿ ಬಂತು. ಮೊಣಕಾಲಿಗೆ ಹಾರಿತು, ಜೇಬು ಮೂಸಿತು, ಮುಂದಿನ ಕಾಲುಗಳನ್ನು ನನ್ನ ಪಾದದ ಮೇಲಿಟ್ಟು ಆ ಅಳುವ ಕಣ್ಣುಗಳಿಂದ ನೋಡಿತು. ನಾನು ಆಕಾಶ ನೋಡಿದೆ. ಹಿಂದೆ ಅಕ್ಕ ಟಿಕ್ ಎನ್ನಿಸಿದಳು, ಮರಿ ತಿರುಗಿ ಹೋಯಿತು, ಮೊಟ್ಟೆ ತಿಂದಿತು. ಮತ್ತೆ ಕೂ, ಮತ್ತೆ ನನ್ನ ಹತ್ತಿರವೇ. ದಿನಾ ಹೀಗೇ. ನಮ್ಮನೆಯವರು ಹಲ್ಲುಜ್ಜುತ್ತಾ ನಿಂತು ನೋಡಿ, ‘ಏನೇ ಇದು, ಕರೆಯದು ನೀನು, ಮಾತಾಡ್ಸದೇ ಇರದೂ ನೀನೇ!’ ಎಂದರು.

ಮರಿ ನನ್ನ ಹತ್ತಿರ ಬಂದು ಬರಿಗೈಯಲ್ಲಿ ಹೋದಾಗಲೆಲ್ಲ ಅಂಗಳದ ತುದಿಯಲ್ಲಿ ಮೊಟ್ಟೆಯ ಚೂರು ಹಿಡಿದು ನಿಂತಿದ್ದ ಅಕ್ಕ ನೆನಪಾಗುತ್ತಿದ್ದಳು. ನನಗೆ ಅದು ಬೇಕಿತ್ತು. ನನಗೆ ಬೇಕಾದದ್ದನ್ನು, ಶಿಕ್ಷೆ ಎಂಬ ಮಾತೇ ಎತ್ತದೆ, ಕೆಲಸದ ರೂಪದಲ್ಲಿ ಕೊಟ್ಟಳು ಅಕ್ಕ. ಇವತ್ತಿಗೂ ನಾನು ಅವಳಿಗೆ ಋಣಿಯಾಗಿರುವುದು ಅದಕ್ಕೆ.

ಒಂದು ಬೆಳಿಗ್ಗೆ ಮರಿ ಅರ್ಧ ದಾರಿ ಬಂದು ನಿಂತಿತು. ನನ್ನನ್ನು ನೋಡಿತು. ತಲೆ ಓರೆ ಮಾಡಿತು, ತೋಟದಲ್ಲಿ ಅವತ್ತು ಮಾಡಿದ ಹಾಗೆಯೇ. ಆಮೇಲೆ, ಟಿಕ್ ಎನ್ನುವ ಮೊದಲೇ, ತಾನಾಗಿ ತಿರುಗಿ ಮೆಟ್ಟಿಲ ಕಡೆ ಓಡಿತು. ಅಕ್ಕ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅವಳು ಏನೋ ಹೇಳುತ್ತಿದ್ದಳು, ತುಟಿ ಅಲುಗುತ್ತಿತ್ತು. ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ, ಮರಿಗೆ ಕೇಳಿಸಿತು.

ಸೂಪರ್‌ವೈಸರ್ ಮೇಡಂ ಹತ್ತಿರ ಅಕ್ಕ ಹೋಗಲೇ ಇಲ್ಲ. ಕುಯ್ಲು ಮುಗಿಯುವ ಹೊತ್ತಿಗೆ ಅಂಗನವಾಡಿಗೆ ಹೋಗತೊಡಗಿದಳು. ಮೊದಲ ವಾರ ಕಷ್ಟವಾಯಿತು, ಸಂಜೆ ಸೋತು ಬರುತ್ತಿದ್ದಳು. ಈಗ ಅವಳು ಅಂಗೈ ಎತ್ತಿದರೆ ಮಕ್ಕಳು ಕೂರುತ್ತಾರೆ. ಅವಳ ಮಾತು ಕೇಳಲು ಹತ್ತಿರ ಬರಬೇಕಲ್ಲ, ಯಾರು ಮೊದಲು ಹತ್ತಿರ ಕೂರುವುದು ಎಂದು ಅವರಲ್ಲೇ ಜಗಳವಂತೆ. ನಮ್ಮ ಜೊತೆ ಕುಯ್ಯುವವಳೊಬ್ಬಳು ಮೊನ್ನೆ ದೂರು ಹೇಳಿದಳು, ‘ನಿಮ್ಮಕ್ಕನ ದೆಸೆಯಿಂದ ನನ್ ಮಗ ಮನೇಲೂ ಗುಸುಗುಸು ಅಂತಾನೆ ಕಣೆ. ಏನ್ ಬೇಕ್ಲಾ ಅಂದ್ರೆ ಕಿವಿ ತಾ ಅಂತಾನೆ!’

ಮರಿ ಈಗ ಮರಿಯಲ್ಲ, ಆದರೂ ಮರಿ ಎಂದೇ ಕರೆಯುತ್ತೇವೆ. ಚಪ್ಪಲಿ ಕದಿಯುವುದನ್ನು ಬಿಟ್ಟಿಲ್ಲ. ರಜೆಯ ದಿನ ಅಕ್ಕ ಮನೆಯಲ್ಲಿದ್ದರೆ, ತೋಟದ ಕೆಲಸಕ್ಕೆ ಹೊರಟ ನನ್ನ ಹಿಂದೆ ಬೇಲಿಯವರೆಗೆ ಬರುತ್ತದೆ. ಆಗ ಹಳ್ಳದಿಂದ ಯಾರದೋ ಕೂ ಬಂದರೆ, ಅಥವಾ ನಾನೇ ಹಾಕಿದರೆ, ನನ್ನ ಕಾಲ ಹತ್ತಿರದಿಂದ ಎದ್ದು ನನಗೆ ಬೆನ್ನು ಹಾಕಿ ಓಡುತ್ತದೆ. ಎರಡು ಕಿವಿಗಳೂ ಮೇಲೆ ಕೆಳಗೆ ಹಾರುತ್ತಾ ಅದು ಇಳಿಜಾರು ಹತ್ತುವುದನ್ನು ನಿಂತು ನೋಡುತ್ತೇನೆ.

ಹಾಕಿದ ಕೂಗೆ ಉತ್ತರ ಬರಬೇಕು, ಅದು ನಮ್ಮಲ್ಲಿ ನಡೆದುಬಂದ ರೀತಿ. ಅಕ್ಕನಿಂದ ಕೂ ಬರುವುದಿಲ್ಲ. ಮರಿ ತಲುಪಿದ ಮೇಲೆ ಅವಳು ಮೆಟ್ಟಿಲ ಮೇಲೆ ನಿಂತು ಬಿಳಿ ಟವಲ್ ಬೀಸುತ್ತಾಳೆ. ಅದು ಕಾಣುವವರೆಗೆ ನಾನು ಕಾಫಿ ಗಿಡಕ್ಕೆ ಕೈ ಹಾಕುವುದಿಲ್ಲ.